ಕಂಟ್ರಾಕ್ಟರ್ ಕೆಲಸ ಕೆಡಿಸಿದರೆ ದೂರು ಕೊಡುವುದು ಹೇಗೆ?

ಹೊಸ ಮನೆಯ ತಾರಸಿ ಸೋರುತ್ತಿದೆ. ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಬೇರೆ ಮೇಸ್ತ್ರಿಯನ್ನು ಕರೆಸಿ, ಹಳೇ ಗಾರೆ ಕೀಳಿಸಿ, ಹೊಸದು ಹಾಕಿಸಿಬಿಡುತ್ತಾರೆ. ಆಮೇಲೆ ವಕೀಲರ ಹತ್ತಿರ ಹೋಗುತ್ತಾರೆ. ಅಷ್ಟರಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ. ನ್ಯಾಯ ನಿಮ್ಮ ಕಡೆಗೇ ಇದ್ದರೂ ಕೇಸ್ ಬಿದ್ದುಹೋಗುವುದು ಹೀಗೆ. ಆದ್ದರಿಂದ ರಿಪೇರಿಗೆ ಕೈ ಹಾಕುವ ಮೊದಲು ಇದನ್ನು ಓದಿ.

1. ಕಾಗದಪತ್ರ ಒಟ್ಟು ಮಾಡಿ

ಒಪ್ಪಂದ, ಪ್ಲಾನು, ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ಲು, ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ, ಎಲ್ಲವೂ ಒಂದೇ ಫೈಲಿನಲ್ಲಿರಲಿ. ನಗದು ಕೊಟ್ಟಿದ್ದರೆ, ‘ಇಂಥ ದಿನ ಇಷ್ಟು ಕೊಟ್ಟಿದ್ದೇನೆ, ಸರಿ ತಾನೇ?’ ಎಂದು ಇವತ್ತೇ ಒಂದು ಮೆಸೇಜ್ ಹಾಕಿ. ‘ಹೌದು’ ಅಂತ ಬಂದರೆ ಅದೇ ರಸೀದಿ.

ಅಂಗಡಿಯಲ್ಲಿ ಸಿಗುವ ಸಿದ್ಧ ಒಪ್ಪಂದದ ನಮೂನೆಗಳನ್ನು ನಂಬಬೇಡಿ. ಅದರಲ್ಲಿ ಚದರಡಿ ರೇಟು ಇರುತ್ತದೆ, ಬೇರೇನೂ ಇರುವುದಿಲ್ಲ. ಯಾವ ಸಿಮೆಂಟ್, ಯಾವ ಕಬ್ಬಿಣ, ಗಾರೆ ಎಷ್ಟು ದಪ್ಪ, ಕ್ಯೂರಿಂಗ್ (ಗಟ್ಟಿಯಾಗಲು ನೀರುಣಿಸುವುದು) ಯಾರ ಹೊಣೆ ಎಂಬುದು ಬರೆದಿರದಿದ್ದರೆ ಮುಂದೆ ಬರೀ ಬಾಯಿಮಾತಿನ ಜಗಳ.

2. ದೋಷವನ್ನು ದಾಖಲಿಸಿ

ಜನ ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ಅವಸರ ಬೇಡ.

ಒಂದೊಂದು ದೋಷಕ್ಕೂ ಕನಿಷ್ಠ ಎರಡು ಫೋಟೊ ತೆಗೆಯಿರಿ. ಒಂದು ದೂರದಿಂದ, ಯಾವ ಕೋಣೆ, ಯಾವ ಗೋಡೆ ಎಂದು ಗೊತ್ತಾಗುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಟೇಪು ಇಟ್ಟು. ಟೇಪು ಇಲ್ಲದ ಬಿರುಕಿನ ಫೋಟೊ ಸುಮ್ನೆ ಒಂದು ಗೆರೆಯ ಫೋಟೊ, ಅಷ್ಟೇ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಕೆಲವು ವಾರ ಬಿಟ್ಟು ನೋಡಿ. ಬಿರುಕು ಗೆರೆ ದಾಟಿ ಮುಂದೆ ಹೋಗಿದ್ದರೆ ಅದು ಬರೀ ಗಾರೆಯ ಮೇಲಿನ ಬಿರುಕಲ್ಲದೆಯೂ ಇರಬಹುದು. ತಕ್ಷಣ ಎಂಜಿನಿಯರ್‌ಗೆ ತೋರಿಸಿ.

ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ವಿಡಿಯೊ ಮಾಡಿ, ಸದ್ದು ಕೇಳುವಂತಿರಲಿ. ತಾರಸಿ ಸೋರುತ್ತಿದ್ದರೆ ನೀರು ಹೋಗುವ ಪೈಪು ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ. ಒಂದು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಒದ್ದೆ ಎಲ್ಲಿ ಶುರುವಾಯಿತು, ಎಷ್ಟು ಅಗಲ ಹರಡಿತು ಎಂದು ಅಳತೆ ಸಮೇತ ಬರೆದಿಡಿ. ಸ್ಲ್ಯಾಬೇ ಗಟ್ಟಿಯಿಲ್ಲ ಎಂಬ ಅನುಮಾನ ಇದ್ದರೆ ಮಾತ್ರ ಈ ಪರೀಕ್ಷೆ ಬೇಡ.

ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಯಲು ಕಂಟ್ರಾಕ್ಟರ್ ಆಳು ಕಳಿಸಿದರೆ ಬಿಡಬೇಡಿ. ಸೋರುವ ಜಾಗಕ್ಕೆ ಒಂದು ಕೈ ವಾಟರ್‌ಪ್ರೂಫ್ ಬಣ್ಣ ಬಳಿದು ಹೋಗುವುದೂ ಅಷ್ಟೇ. ಆ ಡಬ್ಬಿಗಳಿಂದ ಕಲೆ ಮುಚ್ಚುತ್ತದೆ, ನೀರಿನ ದಾರಿ ಮುಚ್ಚುವುದಿಲ್ಲ. ನಿಮ್ಮ ಸಾಕ್ಷಿಯೂ ಅದರಡಿ ಹೂತುಹೋಗುತ್ತದೆ.

ಇಷ್ಟಾದ ಮೇಲೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿ. ಇನ್ನೊಬ್ಬ ಕಂಟ್ರಾಕ್ಟರ್‌ನಿಂದ ಖಂಡಿತ ಬೇಡ. ಕೆಲಸ ಹಿಡಿಯುವ ಆಸೆಗೆ ಬರೆದದ್ದು ಎಂದು ಎದುರಿನವರು ಸುಲಭವಾಗಿ ತಳ್ಳಿಹಾಕುತ್ತಾರೆ. ವರದಿಯಲ್ಲಿ ದೋಷ, ಅದರ ಕಾರಣ, ಸರಿಪಡಿಸುವ ಖರ್ಚು ಬೇರೆ ಬೇರೆಯಾಗಿ ಇರಲಿ. ಕಾಂಕ್ರೀಟ್ ಗುಣದ ಬಗ್ಗೆಯೇ ತಕರಾರಿದ್ದರೆ ಮೇಲಿಂದ ತಟ್ಟಿ ನೋಡುವ ರೀಬೌಂಡ್ ಹ್ಯಾಮರ್, ಧ್ವನಿ ತರಂಗ ಹಾಯಿಸುವ ಅಲ್ಟ್ರಾಸೋನಿಕ್, ತುಂಡು ಕೊರೆದು ತೆಗೆಯುವ ಕೋರ್ ಪರೀಕ್ಷೆಗಳಿವೆ. ಯಾವುದು ಬೇಕೆಂದು ಎಂಜಿನಿಯರ್ ಹೇಳಲಿ. ಪರಿಶೀಲನೆಗೆ ಮೊದಲು, ‘ಇಂಥ ದಿನ ಇಷ್ಟು ಗಂಟೆಗೆ ನೋಡುತ್ತಾರೆ, ನೀವೂ ಬನ್ನಿ’ ಎಂದು ಕಂಟ್ರಾಕ್ಟರ್‌ಗೆ ಬರೆದು ತಿಳಿಸಿ. ಬಂದರೆ ಒಳ್ಳೆಯದು. ಬಾರದಿದ್ದರೂ, ‘ನನಗೆ ಗೊತ್ತಿಲ್ಲದೆ ಮಾಡಿಸಿದ ವರದಿ’ ಎನ್ನುವ ಮಾತು ನಿಲ್ಲುವುದಿಲ್ಲ. ಈ ಒಂದು ಸಾಲಿನ ಪತ್ರವನ್ನು ಬಹಳ ಜನ ಬರೆಯುವುದೇ ಇಲ್ಲ.

ಸಜ್ಜಾ ಬೀಳುವಂತಿದೆ, ಕಾಯಲು ಆಗುವುದಿಲ್ಲ ಅಂದರೆ ಮೊದಲು ಜೀವ ನೋಡಿ. ಕೆಳಗೆ ಯಾರೂ ಓಡಾಡದಂತೆ ಮಾಡಿ ಆಧಾರ ಕೊಡಿಸಿ. ಫೋಟೊ ತೆಗೆದು, ಪತ್ರ ಕಳಿಸಿ, ಆಮೇಲೆ ಬಿಚ್ಚಿಸಿ. ತೆಗೆದ ತುಂಡುಗಳನ್ನು ಚೀಲದಲ್ಲಿ ಕಟ್ಟಿಡಿ.

3. ಬಾಕಿ ಹಣ ತಡೆಯುವಾಗ ಬರೆದು ತಡೆಯಿರಿ

ಬಾಕಿಯನ್ನೆಲ್ಲ ಹಿಡಿದು ಸುಮ್ಮನಾಗುವುದು ತಪ್ಪು. ಆಗ ಹಣ ಕೊಡದೆ ಸತಾಯಿಸಿದವರು ನೀವೇ ಆಗುತ್ತೀರಿ. ಸರಿಯಾಗಿ ಮುಗಿದ ಕೆಲಸಕ್ಕೆ ಹಣ ಕೊಡಿ. ರಿಪೇರಿಗೆ ತಗಲುವಷ್ಟನ್ನು ಮಾತ್ರ ಕಾರಣ ಬರೆದು ತಡೆಯಿರಿ. ಕಂಟ್ರಾಕ್ಟರ್‌ಗೂ ಕಾನೂನು ಇದೆ: ಮಾಡಿದ ಕೆಲಸದ ಹಣಕ್ಕೆ 3 ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು.

ಅವರ ಸೆಂಟ್ರಿಂಗ್ ಶೀಟು, ಮಿಕ್ಸರ್ ಹಿಡಿದಿಟ್ಟುಕೊಳ್ಳಬೇಡಿ. ನಿಮ್ಮ ಮೇಲೇ ಪೊಲೀಸ್ ದೂರು ಬರುತ್ತದೆ. ಹಾಗೆಯೇ, ಠಾಣೆಗೆ ಹೋದರೆ ಹಣ ವಾಪಸ್ ಬರುತ್ತದೆ ಎಂದೂ ಕಾಯಬೇಡಿ. ಕೆಲಸ ಕೆಟ್ಟಿದ್ದು ಸಿವಿಲ್ ವಿಷಯ.

4. ನೋಟಿಸ್

ದೋಷಗಳ ಪಟ್ಟಿ, ವರದಿ, ನಿಮ್ಮ ಬೇಡಿಕೆ, 15 ದಿನದ ಗಡುವು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಟ್ಸ್‌ಆ್ಯಪ್‌ನಲ್ಲೂ ಹಾಕಿ. ಬೈಗುಳ ಬೇಡ.

5. ಗ್ರಾಹಕ ಆಯೋಗಕ್ಕೆ ದೂರು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆ ಕಟ್ಟಿಕೊಡುವುದೂ ‘ಸೇವೆ’. 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿತ್ತು. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಜಾಸ್ತಿ, 2 ಕೋಟಿವರೆಗೆ ಇದ್ದರೆ ರಾಜ್ಯ ಆಯೋಗ. ನೀವು ವಾಸ ಇರುವ ಊರಲ್ಲೇ ಹಾಕಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ; 20ರಿಂದ 50 ಲಕ್ಷಕ್ಕೂ 1,000 ರೂಪಾಯಿ ಅಷ್ಟೇ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ, ಆದರೆ ಮೊತ್ತ ದೊಡ್ಡದಿದ್ದರೆ ಇಟ್ಟುಕೊಳ್ಳಿ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ಷರತ್ತು ಇದ್ದರೂ ಈ ಬಾಗಿಲು ಮುಚ್ಚುವುದಿಲ್ಲ.

ಗಡುವು 2 ವರ್ಷ. ‘ಮುಂದಿನ ತಿಂಗಳು ಮಾಡಿಕೊಡ್ತೀನಿ’ ಎಂಬ ಮಾತು ಕೇಳುತ್ತಾ ಕೂತರೆ ಇದು ಗೊತ್ತಾಗದೆ ಕಳೆದುಹೋಗುತ್ತದೆ.

ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ಹೋಗಿ ವಾಪಸ್ ಬರುವವರೂ ಇದ್ದಾರೆ. ನಿಮ್ಮ ಸೈಟಿನಲ್ಲಿ ನೀವೇ ಕಟ್ಟಿಸಿದ ಮನೆಗೆ ಅದು ಅನ್ವಯಿಸುವುದಿಲ್ಲ. ಬಿಲ್ಡರ್‌ನಿಂದ ಫ್ಲ್ಯಾಟ್ ಅಥವಾ ಮನೆ ಕೊಂಡವರಿಗೆ ಮಾತ್ರ ಅಲ್ಲಿ 5 ವರ್ಷದ ದೋಷ ಹೊಣೆಗಾರಿಕೆ ಸಿಗುತ್ತದೆ.

ಫೋಟೊ, ವಾಟ್ಸ್‌ಆ್ಯಪ್ ಪ್ರಿಂಟ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಜೊತೆಗಿಡಿ. ಮೂಲ ಫೋನನ್ನು ಮಾರಬೇಡಿ.

6. ಉತ್ತರ, ರಾಜಿ, ಆದೇಶ

ಎದುರಿನವರು 30 ದಿನದಲ್ಲಿ ಉತ್ತರ ಕೊಡಬೇಕು. ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ನಡುವೆ ರಾಜಿ ಮಾತು ಬಂದರೆ ಒಪ್ಪಿ ನೋಡಿ, ಆದರೆ ಯಾವ ಕೆಲಸ, ಯಾವ ತಾರೀಖು, ಸಾಮಾನು ಯಾರದು ಎಂಬುದೆಲ್ಲ ಬರಹದಲ್ಲಿರಲಿ. ಆದೇಶ ಬಂದ ಮೇಲೆ ಮೇಲ್ಮನವಿಗೆ, ಜಿಲ್ಲಾ ಆಯೋಗದ್ದಾದರೆ 45 ದಿನ, ರಾಜ್ಯ ಆಯೋಗದ್ದಾದರೆ 30 ದಿನ. ಹಣ ಕೊಡಬೇಕಾದವರು ಅರ್ಧ ಮೊತ್ತ ಠೇವಣಿ ಇಡದೆ ಮೇಲ್ಮನವಿ ಹಾಕುವಂತಿಲ್ಲ. ಆದರೂ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.