ಜೆರಾಕ್ಸ್ ಹಾಳೆ, ಶಾಲಾ ನಾಟಕ ಮತ್ತು ಕಾಪಿರೈಟ್

ಆಲೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪಠ್ಯಪುಸ್ತಕ ಒಂದನ್ನೇ ಓದಿಸುತ್ತಿದ್ದರೆ ಮಕ್ಕಳಿಗೆ ಓದಿನ ರುಚಿ ಹತ್ತುವುದಿಲ್ಲ. ಹಾಗಾಗಿ ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಪ್ರಬಂಧದ ಕೆಲವು ಪುಟಗಳನ್ನು ಹಾಸನದಲ್ಲಿ ಜೆರಾಕ್ಸ್ ಮಾಡಿಸಿ ಹಂಚುತ್ತೇನೆ. ‘ಮೇಷ್ಟ್ರೇ, ಇದು ಕಾಪಿರೈಟ್ ಕೇಸ್ ಆಗಲ್ವಾ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದ ಮೇಲೆ ಕಾಯ್ದೆಯನ್ನೇ ತೆಗೆದು ಓದಿದೆ.

ಗೊರೂರರು ತೀರಿಕೊಂಡದ್ದು 1991ರಲ್ಲಿ. ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ 2051 ಮುಗಿಯುವ ತನಕ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಬದುಕಿದ್ದಾಗ ಅಚ್ಚಾದ ಪದ್ಯಗಳಿಗೆ ಆ ಚಿಂತೆಯೇ ಇಲ್ಲ.

ಹಕ್ಕು ಇದೆಯೆಂದು ತರಗತಿಗೆ ಬೀಗ ಬೀಳುವುದಿಲ್ಲ. 1957ರ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಪಾಠದ ಸಲುವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕೃತಿಯನ್ನು ಪ್ರತಿ ಮಾಡಿಕೊಳ್ಳಬಹುದು, ಪ್ರಶ್ನೆಪತ್ರಿಕೆಯಲ್ಲೂ ಬಳಸಬಹುದು. ಶೇಕಡಾ ಹತ್ತರಷ್ಟು ಮಾತ್ರ, ಮೂವತ್ತು ಸೆಕೆಂಡು ಮಾತ್ರ ಎಂದೆಲ್ಲ ವಾಟ್ಸಾಪ್‌ನಲ್ಲಿ ಓಡಾಡುವ ಲೆಕ್ಕ ಅಲ್ಲಿ ಎಲ್ಲೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಕಲಿಕೆಯ ಉದ್ದೇಶಕ್ಕೆ ಅಗತ್ಯವಾದಷ್ಟನ್ನು ಪ್ರತಿ ಮಾಡಬಹುದು ಎಂದು 2016ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.

ಅಲ್ಲಿಂದೀಚೆಗೆ ನಾನು ನೋಡುವುದು ಪುಟದ ಎಣಿಕೆಯನ್ನಲ್ಲ, ಹಾಳೆ ಯಾರ ಕೈಗೆ, ಏತಕ್ಕೆ ಹೋಗುತ್ತಿದೆ ಎಂಬುದನ್ನು. ಪ್ರತಿ ಹಾಳೆಯ ತಲೆಯಲ್ಲಿ ಲೇಖಕರ, ಪುಸ್ತಕದ, ಪ್ರಕಾಶಕರ ಹೆಸರು ಬರೆಯುತ್ತೇನೆ. ಜೆರಾಕ್ಸ್ ಅಂಗಡಿಯವರು ‘ಸರ್, ಒಂದು ಸೆಟ್ ಬಿಟ್ಟು ಹೋಗಿ, ಬೇರೆ ಶಾಲೆ ಮಕ್ಕಳಿಗೂ ಮಾರ್ತೀನಿ’ ಎಂದಾಗ ಕೊಡಲಿಲ್ಲ. ಅದು ಪಾಠವಲ್ಲ, ವ್ಯಾಪಾರ. ಇಡೀ ಪುಸ್ತಕದ ಪಿಡಿಎಫ್ ಅನ್ನು ಗ್ರೂಪಿಗೆ ಹಾಕುವುದನ್ನೂ ಒಪ್ಪುವುದಿಲ್ಲ. ಕನ್ನಡ ಪುಸ್ತಕದ ಸಾವಿರ ಪ್ರತಿ ಖರ್ಚಾಗುವುದೇ ಕಷ್ಟ, ನಾವೂ ಹೀಗೆ ಮಾಡಿದರೆ ಅಚ್ಚು ಹಾಕುವವರಾದರೂ ಯಾರು?

ಶಾಲಾ ವಾರ್ಷಿಕೋತ್ಸವದ ನಾಟಕಕ್ಕೂ ಅದೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಆಡುವವರು ಶಿಕ್ಷಕರು, ಮಕ್ಕಳು. ನೋಡುವವರು ಅವರೇ, ಜೊತೆಗೆ ಪೋಷಕರು, ಶಾಲೆಗೆ ಸಂಬಂಧಪಟ್ಟವರು. ಅದನ್ನು ಯೂಟ್ಯೂಬಿಗೆ ಏರಿಸೋಣ ಎಂದು ಹೆಡ್‌ಮಾಸ್ಟರು ಆಸೆಪಟ್ಟರು. ಆ ವಿನಾಯಿತಿ ಯೂಟ್ಯೂಬಿನ ತನಕ ಬರುವುದಿಲ್ಲವೆಂದು ಹೇಳಿ, ನಾಟಕಕಾರರ ಮನೆಯವರಿಗೆ ಪತ್ರ ಬರೆದೆ: ಯಾವ ನಾಟಕ, ಎಷ್ಟು ದೃಶ್ಯ, ಎಲ್ಲಿ ಹಾಕುತ್ತೇವೆ, ಹಣ ಮಾಡುವುದಿಲ್ಲ ಎಂಬಷ್ಟೇ ವಿವರ. ಒಪ್ಪಿಗೆ ಬಂತು. ಅವರು ಕೇಳಿದ್ದು ಒಂದೇ, ಶೀರ್ಷಿಕೆಯಲ್ಲೇ ನಾಟಕಕಾರರ ಹೆಸರಿರಬೇಕು.