ಫೋಟೊ ಎಡಿಟರ್ ಇಳಿಸುವ ಮುಂಚೆ ವಿಳಾಸ ನೋಡಿ

2022ರ ಕೊನೆಯಲ್ಲಿ ಗೂಗಲ್‌ನಲ್ಲಿ 'ಜಿಂಪ್' ಎಂಬ ಉಚಿತ ಫೋಟೊ ಎಡಿಟರ್ ಹುಡುಕಿದ ಕೆಲವರಿಗೆ ಎಲ್ಲಕ್ಕಿಂತ ಮೇಲೆ ಒಂದು ಜಾಹೀರಾತು ಕಾಣಿಸಿತು. ಅದರಲ್ಲಿದ್ದ ವಿಳಾಸ ಅಸಲಿಯೇ, ಜಿಂಪ್ ಡಾಟ್ ಆರ್ಗ್. ಒತ್ತಿದರೆ ತೆರೆಯುತ್ತಿದ್ದದ್ದು ಮಾತ್ರ ಗಿಲಿಂಪ್ ಡಾಟ್ ಆರ್ಗ್! ಪುಟ ನೋಡಲು ಥೇಟ್ ಅಸಲಿಯಂತೆಯೇ ಇತ್ತು. ಇಳಿಯುತ್ತಿದ್ದ ಫೈಲು ಸುಮಾರು 700 ಎಂಬಿ. ಅದರಲ್ಲಿ ಬಹುಪಾಲು ತೂಕಕ್ಕೆಂದು ತುಂಬಿದ ಹೊಟ್ಟು. ನಡುವೆ ಅಡಗಿದ್ದದ್ದು ವಿಡಾರ್ ಎಂಬ ಕಳ್ಳ ಪ್ರೋಗ್ರಾಂ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವುದೇ ಅದರ ಕೆಲಸ.

ಹಾಗಾಗಿ ಮೊದಲು ಯೋಚಿಸಿ: ನಿಮಗೆ ಇನ್‌ಸ್ಟಾಲ್ ಮಾಡುವ ಅಗತ್ಯ ಇದೆಯಾ? ಅರ್ಜಿಗೆ ಹಾಕುವ ಫೋಟೊ ಕತ್ತರಿಸಬೇಕು, ಸೈಜ್ ಇಳಿಸಬೇಕು ಅಷ್ಟೇ ಅಂದರೆ ಫೋಟೋಪಿಯಾ ಸಾಕು. ಬ್ರೌಸರ್‌ನಲ್ಲೇ ತೆರೆಯುತ್ತದೆ, ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಚಿತ್ರ ಬಿಡಿಸುವವರಿಗೆ ಕ್ರಿಟಾ. ವಿಂಡೋಸ್‌ನಲ್ಲಿ ಹಗುರವಾದದ್ದು ಬೇಕಿದ್ದರೆ ಪೇಂಟ್ ಡಾಟ್ ನೆಟ್. ಇದು ಗೆಟ್‌ಪೇಂಟ್ ಡಾಟ್ ನೆಟ್ ಎಂಬ ತಾಣದಲ್ಲಿ ಉಚಿತ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ದುಡ್ಡು ಕೊಡಬೇಕು. ಅಜ್ಜಿಯ ಮದುವೆ ಫೋಟೊದ ಮಡಿಕೆ ಗೆರೆಯನ್ನು ಕ್ಲೋನ್ ಟೂಲ್‌ನಿಂದ (ಫೋಟೊದ ಒಂದು ಭಾಗವನ್ನು ಇನ್ನೊಂದರ ಮೇಲೆ ನಕಲಿಸುವ ಸಾಧನ) ಚೂರುಚೂರೇ ಅಳಿಸುವಂಥ ಕೆಲಸಕ್ಕೆ ನನ್ನ ಆಯ್ಕೆ ಜಿಂಪ್. ಕಲಿಯಲು ಒಂದೆರಡು ವಾರ ಹಿಡಿಯಬಹುದು, ಆದರೆ ಆ ಸಮಯ ದಂಡವಾಗುವುದಿಲ್ಲ.

ಈಗ ಇಳಿಸೋಣ. ಹುಡುಕಾಟ ಬೇಡ. ಮೇಲಿನ ವಿಳಾಸ ಪಟ್ಟಿಯಲ್ಲಿ ಜಿ, ಐ, ಎಂ, ಪಿ, ಚುಕ್ಕಿ, ಓ, ಆರ್, ಜಿ ಎಂದು ನೀವೇ ಟೈಪ್ ಮಾಡಿ. ಪುಟ ತೆರೆದ ಮೇಲೆ ಅಕ್ಷರಗಳನ್ನು ಮತ್ತೊಮ್ಮೆ ಓದಿ. ಬೀಗದ ಗುರುತು ಇದೆ ಅಂತ ಸುಮ್ನೆ ನಂಬಬೇಡಿ, ನಕಲಿ ತಾಣಕ್ಕೂ ಅದು ಸಿಗುತ್ತದೆ.

ಫೈಲು ಇಳಿದ ತಕ್ಷಣ ಡಬಲ್ ಕ್ಲಿಕ್ ಮಾಡಬೇಡಿ. ಡೌನ್‌ಲೋಡ್ ಪುಟದಲ್ಲಿ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಸಾಲು ಇರುತ್ತದೆ. ಅದು ಆ ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲು ಕುಗ್ಗಿಸುವ ಸೆವೆನ್-ಜಿಪ್ ಪ್ರೋಗ್ರಾಂ ನಿಮ್ಮಲ್ಲಿ ಇದ್ದರೆ ಇಳಿಸಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಮೆನುವಿನಲ್ಲಿ ಎಸ್‌ಎಚ್‌ಎ-256 ಒತ್ತಿ. ಎರಡೂ ಸಾಲು ಹೊಂದಬೇಕು. ಒಂದಕ್ಷರ ತಪ್ಪಿದರೂ ಫೈಲು ಅಳಿಸಿಬಿಡಿ.

ಇನ್‌ಸ್ಟಾಲ್ ಆಗುವಾಗ ಆಂಟಿವೈರಸ್ ಆಫ್ ಮಾಡಿ ಅಂತಲೋ, ಸೀರಿಯಲ್ ನಂಬರ್ ಹಾಕಿ ಅಂತಲೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಜಿಂಪ್ ಇವೆರಡನ್ನೂ ಕೇಳುವುದಿಲ್ಲ.

ನಕಲಿಯನ್ನು ಆಗಲೇ ತೆರೆದುಬಿಟ್ಟಿದ್ದೀರಾ? ನೆಟ್ ಕಡಿದುಹಾಕಿ. ಆ ಕಂಪ್ಯೂಟರ್ ಬಿಟ್ಟು ಬೇರೆ ಮೊಬೈಲ್‌ನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ.