350 ಎಂಎಎಚ್ ಇ-ಸಿಗರೇಟ್ ಪೆನ್ ಬ್ಯಾಟರಿಯನ್ನ ಒಂದೂವರೆ ವರ್ಷ ಓಡಿಸಿದ ನನ್ನ ಅನುಭವ

"ಸಣ್ಣ ಇ-ಸಿಗರೇಟಿನ ಬ್ಯಾಟರಿ ಅಂದ್ರೆ ನಾಲ್ಕೈದು ತಿಂಗಳು ಅಷ್ಟೇ, ಸುಮ್ನೆ ಹೊಸದು ತಗೋ" ಅಂತ ಹೇಳದೇ ಇದ್ದೋರು ಯಾರೂ ಇಲ್ಲ. ಚಾರ್ಜರ್ ಬಿಚ್ಚಿ ಕೂತಾಗ ನಕ್ಕವರೂ ಇದ್ದಾರೆ. ನನ್ನ 350 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಪೆನ್ ಆಕಾರದ ಇ-ಸಿಗರೇಟು ಹೆಚ್ಚುಕಡಿಮೆ ಒಂದೂವರೆ ವರ್ಷದಿಂದ ದಿನಾ ಓಡ್ತಿದೆ. ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ರಾನೇ ಚಾರ್ಜರ್ ಮಾಡಿಸ್ಕೊಂಡಿದ್ದಾರೆ.

ಮೊದಲು ದಂಡವಾದ ದುಡ್ಡಿನ ಲೆಕ್ಕ. ವರ್ಷಕ್ಕೆ ಮೂರು ಬ್ಯಾಟರಿ ಬೇಕಾಗ್ತಿತ್ತು. ಒಂದರ ದುಡ್ಡಿಗೆ ಏಳೆಂಟು ಕಾಯಿಲ್ (ಲಿಕ್ವಿಡ್ ಕಾಯಿಸೋ ತಂತಿ ಸುರುಳಿ) ಬರುತ್ತೆ, ನೀವೇ ಗುಣಿಸಿಕೊಳ್ಳಿ. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿದ್ರೆ ಬಾಳಿಕೆ ಬರುತ್ತೆ ಅಂದ್ರು. ಅದು ನಿಕಲ್ ಕ್ಯಾಡ್ಮಿಯಮ್ ಕಾಲದ ಮಾತು, ಲಿಥಿಯಂ ಸೆಲ್ ಅದರಿಂದ ಇನ್ನೂ ಬೇಗ ಹೋಯ್ತು. ಫ್ರೀಜರಲ್ಲಿ ಇಟ್ಟು ತೆಗಿ ಅಂದ್ರು. ಹೊರಗೆ ತೆಗೆದಾಗ ಒಳಗೆಲ್ಲ ನೀರು ಕಟ್ಟಿ ಸ್ವಿಚ್ ಬೋರ್ಡು ಸತ್ತಿತು. ಆಮೇಲೆ ಎರಡು ಬ್ಯಾಟರಿ ಬೆಲೆ ಕೊಟ್ಟು ಒಂದು ಫಾಸ್ಟ್ ಚಾರ್ಜರ್ ತಂದೆ. ಇದ್ದಿದ್ದರಲ್ಲೆಲ್ಲ ಅದೇ ದೊಡ್ಡ ನಷ್ಟ: ದುಡ್ಡೂ ಹೋಯ್ತು, ಅದಕ್ಕೆ ಹಾಕಿದ ಬ್ಯಾಟರಿನೂ ಎರಡೇ ತಿಂಗಳಲ್ಲಿ ಮಲಗಿತು.

ದಾರಿ ಸಿಕ್ಕಿದ್ದು "ಸತ್ತ" ಬ್ಯಾಟರಿಗಳಿಗೆ ಮೀಟರ್ ಇಟ್ಟಾಗ. ಸುಮ್ನೆ ಇದ್ದಾಗ 3.9 ವೋಲ್ಟ್ ತೋರಿಸ್ತಿದ್ದ ಸೆಲ್, 1.2 ಓಮ್ ಕಾಯಿಲ್ ಹಾಕಿ ಬಟನ್ ಒತ್ತಿದ ಕೂಡಲೇ 3.4ಕ್ಕೆ ಕುಸಿಯೋದು. ಅಂದ್ರೆ ಸುಮಾರು 2.8 ಆಂಪ್ ಎಳೆತದಲ್ಲಿ ಅರ್ಧ ವೋಲ್ಟ್ ಒಳಗೇ ಮಾಯ, ಒಳ ರೆಸಿಸ್ಟೆನ್ಸ್ (ಸೆಲ್ ತಾನೇ ಕರೆಂಟಿಗೆ ಒಡ್ಡೋ ತಡೆ) 0.18 ಓಮ್ ಹತ್ತಿರ. ನನ್ನ ಪೆನ್ ಲೋಡಿನಲ್ಲಿ 3.2ರ ಆಸುಪಾಸಿಗೆ ಬಂದ್ರೆ ಲೈಟ್ ಮಿಣುಕಿಸಿ ಕೈ ಎತ್ತಿಬಿಡುತ್ತೆ. ಸೆಲ್ಲಲ್ಲಿ ಒಂದಷ್ಟು ಚಾರ್ಜ್ ಇನ್ನೂ ಇದ್ರೂ ಅಷ್ಟೇ. ಅಂಥದನ್ನ ನಾನು ಎಷ್ಟು ಕಸಕ್ಕೆ ಹಾಕಿದ್ದೀನೋ!

ಅದಕ್ಕೇ ಮೊದಲು ಬದಲಾಯಿಸಿದ್ದು ಕಾಯಿಲ್. 2.2 ಓಮ್ ಹಾಕಿದ್ರೆ ಅದೇ ಸೆಲ್ಲಿನಿಂದ 1.6 ಆಂಪ್ ಹೋಗುತ್ತೆ, ಕುಸಿತ 0.3 ವೋಲ್ಟಿಗೆ ಇಳಿಯುತ್ತೆ. ಹೊಗೆ ಕಮ್ಮಿ, ನಿಜ. ಆರು ವ್ಯಾಟ್ ಹತ್ತಿರದಲ್ಲಿ ಮೋಡ ಎಬ್ಬಿಸೋಕೆ ಆಗಲ್ಲ. ಬಾಯಲ್ಲಿ ನಿಲ್ಲಿಸಿ ಎಳೆಯೋರಿಗೆ ಅಷ್ಟು ಸಾಕು. ಮೋಡ ಬೇಕು ಅನ್ನೋರು ದೊಡ್ಡ ಮಾಡ್ (ದಪ್ಪ ಬ್ಯಾಟರಿಯ ಇ-ಸಿಗರೇಟು) ತಗೊಳ್ಳಿ, ಬೆರಳಿನಷ್ಟು ಸೆಲ್ಲಿನ ಹತ್ರ ಲಾರಿ ಕೆಲಸ ಮಾಡಿಸಬೇಡಿ. ದಮ್ ಚಿಕ್ಕದಾಗಿರಲಿ, ಎರಡು ದಮ್ಮಿನ ನಡುವೆ ಒಂಚೂರು ಬಿಡುವೂ ಇರಲಿ. ಸೆಲ್ ಬೆಚ್ಚಗಾಗ್ತಿದೆ ಅಂದ್ರೆ ಅದರ ಆಯಸ್ಸೂ ಕರಗ್ತಿದೆ ಅಂತಾನೇ.

ಎರಡನೇದು ಚಾರ್ಜರ್. ಇಗೋ (eGo) ಮಾದರಿಯ, ಬ್ಯಾಟರಿ ತಿರುಗಿಸಿ ಕೂರಿಸೋ ಸ್ಕ್ರೂ ಚಾರ್ಜರ್ ಮೇಲೆ 4.2 ವೋಲ್ಟ್, 420 ಮಿಲಿಆಂಪ್ ಅಂತ ಬರೆದಿರುತ್ತೆ. 1100 ಎಂಎಎಚ್ ಬ್ಯಾಟರಿಗೆ ಅದು ಏನೂ ಅಲ್ಲ. 350ಕ್ಕೆ 1.2 ಸಿ, ಅಂದ್ರೆ ಸಾಮರ್ಥ್ಯದ 1.2 ಪಟ್ಟು ಕರೆಂಟ್ ಆಗುತ್ತೆ, 280ಕ್ಕಂತೂ 1.5. ಹಳೇ ಚಾರ್ಜರಿನ ಸ್ಕ್ರೂ ತಲೆ ಕಿತ್ತು ಟಿಪಿ4056 ಅನ್ನೋ ಪುಟ್ಟ ಲಿಥಿಯಂ ಚಾರ್ಜಿಂಗ್ ಬೋರ್ಡಿಗೆ ಬೆಸೆದೆ. ಕರೆಂಟ್ ಎಷ್ಟು ಅಂತ ಗೊತ್ತುಮಾಡೋ, ಬೋರ್ಡಿನ ಜೊತೆ ಬರೋ 1.2 ಕಿಲೋಓಮ್ ರೆಸಿಸ್ಟರ್ ಹಾಗೇ ಬಿಟ್ರೆ ಒಂದು ಆಂಪ್ ನುಗ್ಗುತ್ತೆ, ಹುಷಾರು. ಅದರ ಜಾಗಕ್ಕೆ 8.2 ಕಿಲೋಓಮ್ ಹಾಕಿದ್ರೆ 146 ಮಿಲಿಆಂಪ್. ಚಾರ್ಜ್ ಆಗೋಕೆ ಮೂರು ಗಂಟೆ ಹಿಡಿಯುತ್ತೆ, ಹಿಡೀಲಿ. ಬೋರ್ಡು, ರೆಸಿಸ್ಟರ್ ಎರಡೂ ಸೇರಿ ಒಂದು ಕಾಯಿಲ್ ದುಡ್ಡೂ ಆಗಲಿಲ್ಲ. ಪೆನ್ನಿನಲ್ಲೇ ಯುಎಸ್‌ಬಿ ತೂತು ಇರೋ ಮಾದರಿಗೆ ಈ ಉಪಾಯ ನಡೆಯಲ್ಲ, ಅಲ್ಲಿ ಕರೆಂಟ್ ತೀರ್ಮಾನ ಮಾಡೋದು ಒಳಗಿನ ಚಿಪ್ಪು.

ಇನ್ನು 4.2ರ ತನಕ ತುಂಬಿಸೋದನ್ನೂ ಬಿಟ್ಟೆ. 4.1ಕ್ಕೆ ನಿಲ್ಲಿಸಿದ್ರೆ ಹತ್ತು ಹದಿನೈದು ಪರ್ಸೆಂಟ್ ಕಮ್ಮಿ ತುಂಬುತ್ತೆ, ಬಾಳಿಕೆ ಮಾತ್ರ ಹತ್ತಿರ ಹತ್ತಿರ ಇಮ್ಮಡಿ. ಟಿಪಿ4056 ತಾನಾಗಿ 4.1ಕ್ಕೆ ನಿಲ್ಲಲ್ಲ. ಅದನ್ನ ನಿಲ್ಲಿಸೋಕೆ ನಾನು ಮಾಡಿರೋ ಕೈಚಳಕ ಸದ್ಯಕ್ಕೆ ನನ್ನ ಹತ್ರಾನೇ ಇರಲಿ. ಬೆಂಚ್ ಸಪ್ಲೈ (ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಇಡೋ ಯಂತ್ರ) ಇದ್ದೋರು 4.10 ವೋಲ್ಟ್, 150 ಮಿಲಿಆಂಪ್ ಇಟ್ಟು ಬಿಟ್ರೆ ಅದೇ ಕೆಲಸ ಆಗುತ್ತೆ. ಇಲ್ಲದೋರು ಟೈಮರ್ ಹಾಕಿ, ಒಂದೆರಡು ಸಲ ಮೀಟರ್ ಹಿಡಿದು ನೋಡಿದ್ರೆ ಅಂದಾಜು ಸಿಗುತ್ತೆ. ಎತ್ತಿಡೋ ಬ್ಯಾಟರಿಯನ್ನ 3.8 ವೋಲ್ಟ್ ಹತ್ತಿರ ಇಡಿ. ತುಂಬಿಸಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ರೆ ಮೇಲೆ ಹೇಳಿದ್ದೆಲ್ಲ ನೀರಲ್ಲಿ ಹೋಮ.

ಈ ನಡುವೆ ಒಂದು ಹುಚ್ಚೂ ಹತ್ತಿತು. ಸೇದಿ ಬಿಸಾಡೋ ಪೆನ್ನುಗಳ ಒಳಗೂ ಇರೋದು ರೀಚಾರ್ಜ್ ಆಗೋ ಲಿಥಿಯಂ ಸೆಲ್ಲೇ, ಹೆಚ್ಚಿನವು 500 ಎಂಎಎಚ್ ಆಸುಪಾಸು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನೋರು 2023ರಲ್ಲಿ ಇಂಥ ಸೆಲ್ಲುಗಳನ್ನ ಪರೀಕ್ಷೆ ಮಾಡಿ, ನೂರಾರು ಸಲ ಚಾರ್ಜ್ ಮಾಡಿದ ಮೇಲೂ ಚೆನ್ನಾಗೇ ಇವೆ ಅಂತ ತೋರಿಸಿದ್ರು. ನಾನೂ ಹತ್ತಾರು ಸೆಲ್ ಕಿತ್ತೆ. ಊದಿದ್ದು, 2.5 ವೋಲ್ಟಿಗಿಂತ ಕೆಳಗೆ ಇಳಿದಿದ್ದು ನೇರ ಬ್ಯಾಟರಿ ಕಸಕ್ಕೆ. ಉಳಿದಿದ್ದರಲ್ಲಿ ಎರಡನ್ನ ಒಂದು ಎಲ್‌ಇಡಿ ಟಾರ್ಚಿಗೆ ಹಾಕಿದೆ, ಭರ್ಜರಿಯಾಗಿ ಉರೀತಿದೆ. ಅತಿಯಾಗಿ ತುಂಬದಂತೆ, ಖಾಲಿಯಾಗದಂತೆ ತಡೆಯೋ ಪ್ರೊಟೆಕ್ಷನ್ ಬೋರ್ಡ್ ಹಾಕದೆ ಮಾತ್ರ ಮುಟ್ಟಬೇಡಿ. ಸೆಲ್ ಮೇಲೆ ನೇರ ಸಾಲ್ಡರ್ ಕಡ್ಡಿ ಒತ್ತೋದೂ ಬೇಡ, ಅದರ ತುದಿಯಲ್ಲಿ ಇರೋ ಲೋಹದ ಪಟ್ಟಿಗೇ ಬೆಸೆಯಿರಿ.

ಕಡೇದಾಗಿ, ಬ್ಯಾಟರಿಗೆ ಟ್ಯಾಂಕ್ (ಲಿಕ್ವಿಡ್, ಕಾಯಿಲ್ ಇರೋ ಭಾಗ) ಕೂರೋ ಜಾಗದ ನಡುವಿನ ಪಿನ್. ಲಿಕ್ವಿಡ್ ಸೋರಿ ಅಲ್ಲಿ ಕಪ್ಪು ಜಿಡ್ಡು ಕಟ್ಟುತ್ತೆ, ಅದೂ ವೋಲ್ಟೇಜ್ ತಿನ್ನುತ್ತೆ. ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸ್ತೀನಿ. ಟ್ಯಾಂಕ್ ಬಿಗಿಯಾಗಿ ತಿರುಗಿಸಿ ಪಿನ್ ಒಳಗೆ ಹೋಗಿದ್ರೆ ಸೂಜಿಯಲ್ಲಿ ಕೂದಲೆಳೆಯಷ್ಟು ಮೇಲೆತ್ತಬೇಕು. ಅದಕ್ಕೂ ಮೊದಲು ಐದು ಸಲ ಬಟನ್ ಒತ್ತಿ ಆಫ್ ಮಾಡ್ಕೊಳ್ಳಿ. ಮೊನ್ನೆ ಮತ್ತೆ ಅಳೆದಾಗ ನನ್ನ ಸೆಲ್ಲಿನ ಒಳ ರೆಸಿಸ್ಟೆನ್ಸ್ 0.2 ಓಮ್ ಒಳಗೇ ಇತ್ತು. ಈಗ ಇನ್ನೊಂದು ಹೊಸ ಬ್ಯಾಟರಿಯನ್ನ 4.05ಕ್ಕೇ ನಿಲ್ಲಿಸಿ ಓಡಿಸ್ತಾ ಇದ್ದೀನಿ. ದಿನಕ್ಕೆ ಎರಡು ಸಲ ಚಾರ್ಜ್ ಬೇಡ್ತಿದೆ, ಅಷ್ಟೊಂದು ಕಾಟ ಯಾರಿಗೆ ಬೇಕು ಅನ್ನಿಸೋಕೂ ಶುರುವಾಗಿದೆ.